ಬೇಳೆಯಷ್ಟು ಜಾಗ

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಜೂನ್ ತಿಂಗಳು. ಆಗ ನನಗೆ ನಲವತ್ತೊಂದು ವರ್ಷ ಮುಗಿದು ಎರಡು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ಧಾರವಾಡದ ಕಡೆಯ ಶಾಲೆಗಳಲ್ಲಿ ವ್ಯಾಕರಣ ಕಲಿಸಿದ್ದೆ. ಕೊನೆಗೆ ಒಬ್ಬ ಇನ್‌ಸ್ಪೆಕ್ಟರರ ವರದಿಯಲ್ಲಿನ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅವರಿಗೇ ಹಿಂದಿರುಗಿಸಿದ ಕಾರಣಕ್ಕೆ ಕೆಲಸ ಬಿಡಬೇಕಾಗಿ ಬಂದು, ವಿಧವೆಯಾದ ತಂಗಿಯನ್ನೂ ಅವಳ ಮಗಳು ಇಂದೂವನ್ನೂ ಕರೆದುಕೊಂಡು ಪುಣೆಗೆ ಬಂದಿದ್ದೆ. ಹಡಪಸರದ ರಸ್ತೆಯಲ್ಲಿ ಆಗ ಒಂದು ಚಿಕ್ಕ ಚಿತ್ರಸಂಸ್ಥೆಯಿತ್ತು. ಮುಂದೆ ಅದು ಬಹಳ ದಿನ ಬಾಳಲಿಲ್ಲವಾದ್ದರಿಂದ ಹೆಸರು ಹೇಳುವ ಅಗತ್ಯವಿಲ್ಲ. ಅವರು ತಮ್ಮ ಮರಾಠಿ ಚಿತ್ರಗಳನ್ನು ಕನ್ನಡದಲ್ಲಿಯೂ ತೆಗೆಯಬೇಕೆಂದು ಹೊರಟಿದ್ದರು; ನಟನಟಿಯರ ಹ್ರಸ್ವದೀರ್ಘಗಳನ್ನು ತಿದ್ದಲು ಒಬ್ಬ ಮಾಸ್ತರನು ಬೇಕಾಗಿದ್ದನು. ಆ ಮಾಸ್ತರನು ನಾನಾದೆ.

ನನ್ನ ಕೋಣೆಗೂ ಬಣ್ಣದ ಕೋಣೆಗೂ ನಡುವೆ ಒಂದು ಹಲಗೆಯ ತಡಿಕೆ ಮಾತ್ರವಿತ್ತು. ಅದರ ಆಚೆಗಿದ್ದವರ ವಿಷಯವಾಗಿ ಈ ಬರಹ. ಕಳೆದ ಮಾಘಮಾಸದಲ್ಲಿ ಅವರು ತೀರಿಕೊಂಡರೆಂದು ಕಾಗದ ಬಂದಿತು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಚಿತ್ರದ ಆರಂಭದಲ್ಲಿ ತೋರಿಸುವ ಹೆಸರುಗಳ ಪಟ್ಟಿಯಲ್ಲಿಯೂ ಅವರು ತಮ್ಮ ಹೆಸರನ್ನು ಹಾಕಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಒತ್ತಾಯ ಮಾಡಿದರೆ, "ನನ್ನ ಹೆಸರ ತಗೊಂಡು ಯಾರಿಗೆ ಏನ ಆಗಬೇಕಾಗೇದ್ರಿ? ಬಾಯಾರ ಕಣ್ಣ ನೋಡ್ರಿ, ಸಾಕು" ಎನ್ನುವರು. ಬಾಯಾರೆಂದರೆ ನಟಿ; ಬೇರೆ ಹೆಂಗಸರನ್ನೂ ಅವರು ಹಾಗೆಯೇ ಕರೆಯುತ್ತಿದ್ದರು. ಸ್ಟುಡಿಯೋದಲ್ಲಿ ಮರಾಠಿಯವರೂ ಕನ್ನಡದವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಅವರು ಗದಗಿನ ಕಡೆಯವರು. ಆಗಲೇ ಐವತ್ತು ದಾಟಿತ್ತು. ಚಿಕ್ಕಂದಿನಿಂದ ನಾಟಕ ಕಂಪನಿಗಳ ಹಿಂದೆ ತಿರುಗಿ, ಗ್ಯಾಸಿನ ದೀಪದ ಎದುರಿಗೆ ನಿಲ್ಲುವ ರಾಜರಾಣಿಯರಿಗೆ ಕಾಡಿಗೆ ಇಂಗಳೀಕ ಹಚ್ಚಿ ಬೆಳೆದವರು. ಮೊದಲ ದಿನ ನನ್ನನ್ನು ನೋಡಿದೊಡನೆ, ನಮಸ್ಕಾರಕ್ಕೂ ಮೊದಲು, ತಲೆಯನ್ನು ಒಂದು ಕಡೆಗೆ ಓರೆ ಮಾಡಿ ನನ್ನ ಮುಖವನ್ನು ಅಳೆದರು.

"ಮಾಸ್ತರ್ರ, ನಿಮ್ಮ ಎಡಗಣ್ಣು ಸಿಟ್ಟಿನ್ಯಾಗದ, ಬಲಗಣ್ಣು ನಿದ್ದ್ಯಾಗದ. ಎರಡಕ್ಕೂ ಮಾತುಕತಿ ಇಲ್ಲೇನು?"

"ನಾನು ನಟನಲ್ಲ. ನನ್ನ ಕಣ್ಣುಗಳ ವಿಚಾರ ನಿಮಗೆ ಬೇಡ" ಎಂದೆ.

"ಹಂಗಂದ್ರ ಸಿಟ್ಟಿಂದs ಮೊದಲ ಮಾತಾಡ್ತು" ಎಂದು ನಕ್ಕರು.

ಅವರ ಕೆಲಸದ ಕ್ರಮ ನನಗೆ ಹಿಡಿಸಿತು. ಕ್ರಮವಿರುವ ಯಾವುದೂ ನನಗೆ ಹಿಡಿಸುತ್ತದೆ. ಅವರ ಬಳಿ ಒಂದು ಚಪ್ಪಟೆಯಾದ ತಗಡಿನ ಡಬ್ಬಿಯಿತ್ತು. ಪರದೇಶದ ಒಬ್ಬ ಛಾಯಾಗ್ರಾಹಕನು ತನ್ನ ದೇಶಕ್ಕೆ ಹಿಂದಿರುಗುವಾಗ ಅವರಿಗೆ ಕೊಟ್ಟುಹೋದದ್ದು. ಒಳಗೆ ಏಳು ಪುಟ್ಟ ಬಟ್ಟಲುಗಳು. ಏಳರಲ್ಲಿಯೂ ರೆಪ್ಪೆಗೆ ಹಚ್ಚುವ ಜಿಡ್ಡಿನ ಬಣ್ಣ. ಕೆಂಪಿಲ್ಲ, ನೀಲಿಯಿಲ್ಲ, ಹಸಿರಿಲ್ಲ. ಎಲ್ಲವೂ ಮಣ್ಣಿನ, ಬೂದಿಯ, ಕಾಳಿನ ಬಣ್ಣಗಳೇ. ಮುಂಬಯಿಯ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದ ಬಹಳ ದುಬಾರಿಯ ಸರಕು ಅದು. ಬಟ್ಟಲು ಬರಿದಾದರೆ ಅಂಚೆಯಲ್ಲಿ ತರಿಸಬೇಕಾಗಿತ್ತು. ಡಬ್ಬಿಯ ಮೇಲೆ ಪರದೇಶದ ಭಾಷೆಯಲ್ಲಿ ಬಣ್ಣಗಳ ಹೆಸರಿದ್ದವು. ಕಾಕಾ ಅವನ್ನು ಓದಲಾರರು. ತಾವೇ ಹೆಸರಿಟ್ಟಿದ್ದರು: ಜೋಳದ ಹಿಟ್ಟು, ಗೋಧಿ, ಪುಟಾಣಿ, ಬೆಲ್ಲ, ಹುಣಸಿ, ಎರಿಮಣ್ಣು, ಒಲಿಬೂದಿ. ಪುಟಾಣಿಯೆಂದರೆ ನಮ್ಮ ಕಡೆ ಹುರಿಗಡಲೆ. ಅದನ್ನು ಕೇಳಿದ ಹೊಸಬರು ಅಡಿಗೆಯ ವಿಚಾರ ನಡೆದಿದೆಯೆಂದು ತಿಳಿಯುತ್ತಿದ್ದರು.

ಕೈಯನ್ನು ಸೀಗೆಪುಡಿಯಿಂದ ತೊಳೆಯುವರು. ಬಟ್ಟಲಿನಿಂದ ಸಾಸಿವೆಯಷ್ಟು ಬಣ್ಣವನ್ನು ಉಂಗುರಬೆರಳಿನಲ್ಲಿ ತೆಗೆದು, ಅಂಗೈಯ ಮೇಲೆ ತಿಕ್ಕಿ ಬೆಚ್ಚಗೆ ಮಾಡುವರು. ಮೊದಲು ರೆಪ್ಪೆಯ ತುಂಬ ಜೋಳದ ಹಿಟ್ಟು. ಕಣ್ಣು ತೆರೆದಾಗ ಮಡಿಕೆ ಬೀಳುವ ಗೆರೆಯಲ್ಲಿ ಬೆಲ್ಲ. ಕೂದಲಿನ ಬುಡದಲ್ಲಿ ಹುಣಸೆ, ಅದೂ ಹೊರತುದಿಯ ಅರ್ಧಕ್ಕೆ ಮಾತ್ರ. ದುಃಖದ ದೃಶ್ಯವಿದ್ದರೆ ಒಳಮೂಲೆಗೆ ಒಂದು ಚುಕ್ಕೆ ಒಲೆಬೂದಿ. ಅಷ್ಟಾದ ಮೇಲೆ ಒಂದು ಒಗೆದ ಹತ್ತಿಯ ಅರಿವೆಯಿಂದ, ಹಚ್ಚಿದ್ದರಲ್ಲಿ ಅರ್ಧವನ್ನು ಒತ್ತಿ ತೆಗೆದುಬಿಡುವರು. ಎಂದೂ ಉಜ್ಜುತ್ತಿರಲಿಲ್ಲ, ಒತ್ತುತ್ತಿದ್ದರು.

"ಇಷ್ಟು ಹಚ್ಚಿ ಏಕೆ ತೆಗೆಯುತ್ತೀರಿ?" ಎಂದು ನಾನು ಕೇಳಿದೆ.

"ನೀವು ಹುಡುಗರ ನಿಬಂಧದಾಗ ಅರ್ಧ ಹೊಡೀತಿದ್ದಿಲ್ಲೇನ್ರಿ? ಹಂಗ. ಬಣ್ಣ ಇರಬೇಕು, ಕಾಣಬಾರದು. ಕಂಡರ ಜನ ಬಾಯಾರನ್ನ ನೋಡಂಗಿಲ್ಲ, ನನ್ನ ನೋಡ್ತಾರ."

ಡಬ್ಬಿಯ ಮುಚ್ಚಳದ ಒಳಗೆ ನಾಲ್ಕು ಚಿತ್ರಗಳಿದ್ದ ಒಂದು ಫಿಲ್ಮಿನ ತುಂಡು ಅಂಟಿಸಿದ್ದರು. ಅದು ಅವರ ಮೊದಲ ಚಿತ್ರದ್ದು, ಮಾತಿಲ್ಲದ ಕಾಲದ್ದು. ನಾಟಕದ ಅಭ್ಯಾಸದಂತೆ ರಾಣಿಯ ರೆಪ್ಪೆಗೂ ಕಣ್ಣಿನ ಕೆಳಗೂ ಇಂಗಳೀಕದ ಕೆಂಪನ್ನು ಚೆನ್ನಾಗಿ ಬಳಿದಿದ್ದರಂತೆ. ಆ ಕಾಲದ ಫಿಲ್ಮಿಗೆ ಕೆಂಪು ಬಣ್ಣವು ಕಪ್ಪಾಗಿ ಕಾಣುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ತೆರೆಯ ಮೇಲೆ ರಾಣಿಯ ಕಣ್ಣುಗಳು ಎರಡು ಕರಿಯ ಗುಂಡಿಗಳಾಗಿದ್ದವು. ಮುಂದಿನ ಸಾಲಿನಿಂದ ಒಬ್ಬನು, "ಮಹಾರಾಜಾ, ರಾಣೀನ್ನ ಹಿಂಗ್ಯಾಕ ಗುದ್ದೀಯೋ?" ಎಂದು ಕೂಗಿದನಂತೆ. ಆ ತುಂಡನ್ನು ದಿನವೂ ಡಬ್ಬಿ ತೆರೆಯುವಾಗ ಒಮ್ಮೆ ನೋಡಿಕೊಳ್ಳುತ್ತಿದ್ದರು. ಕೇಳಿದವರಿಗೆಲ್ಲ ಆ ಕಥೆಯನ್ನು ಹೇಳುತ್ತಿದ್ದರು. ತಪ್ಪನ್ನು ಬಚ್ಚಿಡುವ ಸ್ವಭಾವದವರು ಅವರಲ್ಲವೆಂದು ನಾನು ಎಣಿಸಿಕೊಂಡೆ.

ನಮ್ಮ ಚಿತ್ರದ ನಾಯಕಿ ಮರಾಠಿಯವರು. ಒಮ್ಮೆ ಯಾವುದೋ ವಿದೇಶದ ಪತ್ರಿಕೆಯನ್ನು ಹಿಡಿದು ಬಂದು, ತಮ್ಮ ಕಣ್ಣಿಗೂ ನೀಲಿಯೇ ಬೇಕೆಂದು ಹಟ ಹಿಡಿದರು. "ಹೀ ಮಾತೀ ನಕೋ ಮಲಾ" ಎಂದರು, ಈ ಮಣ್ಣು ನನಗೆ ಬೇಡ ಎಂದು. ಕಾಕಾ ವಾದಿಸಲಿಲ್ಲ. ಎಲ್ಲಿಂದಲೋ ನೀಲಿ ತರಿಸಿ ಒಂದು ಕಣ್ಣಿಗೆ ಹಚ್ಚಿದರು; ಇನ್ನೊಂದಕ್ಕೆ ತಮ್ಮ ಬೆಲ್ಲ ಹುಣಸೆ. ಛಾಯಾಚಿತ್ರ ತೆಗೆಸಿ ಮರುದಿನ ಆಕೆಯ ಮುಂದಿಟ್ಟರು. ನೀಲಿ ಹಚ್ಚಿದ ಕಣ್ಣು ಜ್ವರದಿಂದ ಎದ್ದವರ ಕಣ್ಣಿನಂತೆ ಪೇಲವವಾಗಿತ್ತು. ನಾಯಕಿ ಪಟವನ್ನು ಬಹಳ ಹೊತ್ತು ನೋಡಿ, ಮತ್ತೆ ಆ ಮಾತು ತೆಗೆಯಲಿಲ್ಲ. ಅಂದಿನಿಂದ ಕಾಕಾ ಇಲ್ಲದೆ ಇನ್ನೊಬ್ಬರಿಂದ ಕಣ್ಣು ಬರೆಸಿಕೊಳ್ಳಲೂ ಇಲ್ಲ.

ಇನ್ನು ಕೆಲವು ಸಂಗತಿಗಳನ್ನು ನಾನು ಕಂಡಿದ್ದೆ, ಆದರೆ ಕೂಡಿಸಿ ನೋಡಿರಲಿಲ್ಲ. ಕಾಕಾ ಎಲ್ಲರಿಗಿಂತ ಒಂದು ಗಂಟೆ ಮೊದಲು ಸ್ಟುಡಿಯೋಕ್ಕೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಏಪ್ರಿಲಿನ ಬಿಸಿಲಿನಲ್ಲಿಯೂ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಹೊರಾಂಗಣದ ಚಿತ್ರೀಕರಣಕ್ಕೆಂದು ಲೋಣಾವಳಾಕ್ಕೆ ಹೋದಾಗ ಗಂಡಸರೆಲ್ಲ ಮೈಗೆ ಎಣ್ಣೆ ತಿಕ್ಕಿಕೊಂಡು ಹೊಳೆಯಲ್ಲಿ ಮಿಂದರು; ಅವರೊಬ್ಬರೇ ಅಂಗಿ ತೊಟ್ಟು ದಡದ ಮೇಲೆ. ಯಾರ ಮನೆಯಲ್ಲಿಯೂ ಕೈಕಾಲು ತೊಳೆಯುತ್ತಿರಲಿಲ್ಲ. ಮತ್ತು ಏಳು ಬಟ್ಟಲುಗಳಲ್ಲಿ ಎಲ್ಲಕ್ಕಿಂತ ಬೇಗ ಬರಿದಾಗುತ್ತಿದ್ದುದು ಗೋಧಿಯ ಬಟ್ಟಲು. ನಾಯಕಿಯ ಮೈಬಣ್ಣ ಗೋಧಿಯದಲ್ಲ, ಜೋಳದ್ದು. ಹತ್ತೊಂಬತ್ತು ವರ್ಷ ಹುಡುಗರಿಗೆ ವಾಕ್ಯದ ಅಂಗಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳಲು ಕಲಿಸಿದ ನಾನು ಇಷ್ಟನ್ನು ಕೂಡಿಸಲಿಲ್ಲ.

ಈಗ ಇಂದೂವಿನ ವಿಷಯ. ಅವಳು ಏಳು ವರ್ಷದವಳಿದ್ದಾಗ ದೀಪಾವಳಿಗೆ ಚಕ್ಕಲಿ ಕರಿಯುತ್ತಿದ್ದ ಬಾಣಲೆಯಿಂದ ಒಂದು ಹನಿ ಎಣ್ಣೆ ಸಿಡಿದು ಎಡಗಣ್ಣಿನ ಮೇಲುರೆಪ್ಪೆಯ ಮೇಲೆ ಬಿದ್ದಿತ್ತು. ಕಣ್ಣಿಗೆ ಏನೂ ಆಗಲಿಲ್ಲ. ಆದರೆ ತೊಗರಿಬೇಳೆಯಷ್ಟು ಜಾಗ ಬೆಳ್ಳಗೆ, ಮಿರುಗುವಂತೆ ಉಳಿಯಿತು. ಅವಳು ನೇರವಾಗಿ ನೋಡಿದರೆ ಅದು ಮಡಿಕೆಯೊಳಗೆ ಸೇರಿಕೊಂಡು ಕಾಣುತ್ತಿರಲಿಲ್ಲ. ಕಣ್ಣು ಕೆಳಗೆ ಮಾಡಿದರೆ ಕಾಣುತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯು ಕಣ್ಣು ಕೆಳಗೆ ಮಾಡಿಯೇ ಕುಳಿತುಕೊಳ್ಳಬೇಕಲ್ಲ.

ಎರಡು ಮನೆತನದವರು ಬಂದರು. ಇಬ್ಬರಿಗೂ ನಾನೇ ಮುಂದಾಗಿ, ಎಣ್ಣೆ ಸಿಡಿದ ಕಲೆಯೆಂದು ತಿಥಿ ಸಮೇತ ಹೇಳಿದೆ. ಇಬ್ಬರೂ ತಲೆಯಾಡಿಸಿ, ಬರೆಯುತ್ತೇವೆಂದು ಹೋದರು, ಬರೆಯಲಿಲ್ಲ. ಅದು ತೊನ್ನಿನ ಮೊದಲ ಚುಕ್ಕೆಯೆಂದು ಅವರು ಬೇರೆ ಕಡೆ ಆಡಿಕೊಂಡದ್ದು ನಮ್ಮ ಕಿವಿಗೆ ಬಂದಿತು. ಒಮ್ಮೆ ಆ ಮಾತು ಹಬ್ಬಿದರೆ ಆ ಹುಡುಗಿಗೆ ಮಾತ್ರವಲ್ಲ, ಆ ರಕ್ತಸಂಬಂಧದ ಯಾವ ಹುಡುಗಿಗೂ ಗಂಡು ಸಿಕ್ಕುವುದಿಲ್ಲ. ಇಂದೂವಿಗೆ ಆಗ ಹತ್ತೊಂಬತ್ತು ತುಂಬಿತ್ತು.

ಮೂರನೆಯ ಸಂಬಂಧ ದೌಂಡದಿಂದ ಬಂದಿತು. ಬೆಳಗಾವಿಯ ಕಡೆಯ ಮನೆತನ; ಹುಡುಗನಿಗೆ ದೌಂಡದ ರೈಲ್ವೆಯಲ್ಲಿ ಗುಮಾಸ್ತನ ಕೆಲಸ. ತಂಗಿ ನನ್ನ ಊಟದ ಎಲೆಯ ಮುಂದೆ ಕುಳಿತಳು.

"ಅಣ್ಣಾ, ನಿಮ್ಮ ಸ್ಟುಡಿಯೋದಾಗ ಆ ಕಾಕಾ ಅದಾರಲ್ಲ. ಒಂದs ದಿನಕ್ಕ, ಒಂದೀಟು..."

"ಅದು ಮೋಸ" ಎಂದೆ.

"ಎರಡ ಸಲ ಖರೇ ಹೇಳಿದಿ. ಯಾರ ನಂಬಿದರು? ನೀ ಖರೇ ಹೇಳಿದ್ದಕ್ಕ ನನ್ನ ಮಗಳಿಗೆ ಇಲ್ಲದ ಬ್ಯಾನಿ ಬಂತು."

ನಾನು ಮಜ್ಜಿಗೆ ಮುಗಿಸಿ ಎದ್ದೆ. ನಾಲ್ಕು ದಿನ ವಿಚಾರ ಮಾಡಿ, ಐದನೆಯ ದಿನ ತಡಿಕೆಯ ಆಚೆಗೆ ಹೋಗಿ ಕಾಕಾರಿಗೆ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಅರಿವೆಯನ್ನು ಮಡಿಸುತ್ತಾ ಕೇಳಿದರು. ತೊನ್ನು ಎಂಬ ಶಬ್ದ ಬಂದಾಗ ಮಡಿಸುವುದನ್ನು ನಿಲ್ಲಿಸಿದರು.

"ಬರ್ತೀನ್ರಿ" ಎಂದರು. "ಆದರ ಮೊದಲ ಹುಡುಗಿನ್ನ ಕೇಳತೀನಿ."

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಫೆಬ್ರುವರಿಯ ಒಂದು ಭಾನುವಾರ ಅವರು ಸದಾಶಿವ ಪೇಠೆಯ ನಮ್ಮ ವಾಡೆಗೆ ಬಂದರು. ನಡುವೆ ಅಂಗಳ, ಸುತ್ತ ಎಂಟು ಬಿಡಾರಗಳಿದ್ದ ವಾಡೆ ಅದು. ಆ ಡಬ್ಬಿ ಚಿತ್ರೀಕರಣಕ್ಕಲ್ಲದೆ ಬೇರೆ ಕಾರಣಕ್ಕೆ ಸ್ಟುಡಿಯೋದಿಂದ ಹೊರಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಂದೂವನ್ನು ಕಿಟಕಿಯ ಬೆಳಕಿಗೆ ಕೂಡಿಸಿ, ಕಣ್ಣು ಮುಚ್ಚಿಸಿ, ಆ ಬೇಳೆಯಷ್ಟು ಜಾಗವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಒತ್ತಿ ಬಿಟ್ಟು ನೋಡಿದರು.

"ಮುಚ್ಚೂದು ನನಗ ಒಂದ ನಿಮಿಷದ ಕೆಲಸ, ತಂಗೀ. ನೀರಿಗೆ ಹೋಗಾಂಗಿಲ್ಲ. ಮುಚ್ಚಲೇನು?"

ಇಂದೂ ಕಣ್ಣು ತೆರೆದು, "ಮುಚ್ಚಿದ ಮ್ಯಾಲೆ ದಿನಾ ಮುಚ್ಚಬೇಕಲ್ಲ, ಕಾಕಾ? ಅವರ ಮನ್ಯಾಗ, ಬೆಳಿಗ್ಗೆ ಎಲ್ಲಾರಕಿಂತ ಮೊದಲ ಎದ್ದು?" ಎಂದಳು.

ಕಾಕಾ ತಮ್ಮ ತೋಳಿನ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ನಂತರ, "ಹೌದವಾ. ಮೊದಲ ಏಳಬೇಕು. ದಿನಾ" ಎಂದರು.

ಅವಳು ತಾಯಿಯ ಮುಖವನ್ನು ನೋಡಿದಳು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಹಚ್ಚರಿ" ಎಂದಳು ಇಂದೂ.

ಅವರು ಹಚ್ಚಿದರು. ಜೋಳದ ಹಿಟ್ಟಿಗೆ ಒಂದು ಕೂದಲೆಳೆಯಷ್ಟು ಪುಟಾಣಿ ಬೆರೆಸಿ ಎಡರೆಪ್ಪೆಗೆ ಹಚ್ಚಿ, ಬಲರೆಪ್ಪೆಗೂ ಅಷ್ಟೇ ಹಚ್ಚಿ, ಅರ್ಧ ಒತ್ತಿ ತೆಗೆದರು. ಕಲೆ ಇದ್ದ ಜಾಗ ನನಗೇ ಸಿಗಲಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಒಂದು ಚಿಕ್ಕ ಉಂಡೆಯನ್ನು ಅವಳ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಹಚ್ಚೂದು ನನ್ನ ಕೆಲಸ, ಆತು. ಇಟ್ಟುಕೋಬೇಕೋ ಒರಸಬೇಕೋ, ಅದು ನಿಂದು."

ನಾನು ಆ ಮಾತನ್ನು ಕೇಳಿದೆ. ಕೇಳಿಯೂ ಉಂಡೆಯನ್ನು ಅವಳ ಕೈಯಲ್ಲಿಯೇ ಬಿಟ್ಟೆ.

ಕಾಕಾ ಹೊರಡಬೇಕೆಂದಿದ್ದರು. ಅಷ್ಟರಲ್ಲಿ ದೌಂಡದವರು ಬಂದೇಬಿಟ್ಟರು. ಮೂರು ಗಂಟೆಗೆ ಬರುತ್ತೇವೆಂದು ಬರೆದವರು ಒಂದೂವರೆಗೆ ಬಂದರು. ಹಿಂದಿನ ಗಾಡಿಗೆ ಹೊರಡಿಸಿದ್ದು ಹುಡುಗನ ಸೋದರತ್ತೆ. ಹೆಣ್ಣಿನ ಮನೆಯನ್ನು ಸಿದ್ಧವಾಗುವುದಕ್ಕೆ ಮೊದಲೇ ನೋಡಬೇಕೆಂಬುದು ಆಕೆಯ ಪದ್ಧತಿಯಂತೆ. ದಪ್ಪ ಕುಂಕುಮದ, ಗಟ್ಟಿ ದನಿಯ ಮುತ್ತೈದೆ. ಹುಡುಗನೂ ಅವನ ತಾಯಿಯೂ ಆಕೆಯ ಹಿಂದೆ ಬಂದರು. ಕಾಕಾರನ್ನು ನನ್ನ ಸಹೋದ್ಯೋಗಿಗಳೆಂದು ಪರಿಚಯಿಸಿ ಚಾಪೆಯ ಮೇಲೆ ಕೂಡಿಸಿದೆ, ಅದು ಸುಳ್ಳಾಗಿರಲಿಲ್ಲ.

ಇಂದೂ ಅವಲಕ್ಕಿಯ ತಟ್ಟೆಯಿಟ್ಟು, ನಮಸ್ಕರಿಸಿ, ಕಣ್ಣು ಕೆಳಗೆ ಮಾಡಿ ಕುಳಿತಳು. ಅತ್ತೆ ಅವಳ ಹೆಸರು, ನಕ್ಷತ್ರ, ಎಷ್ಟು ತರಗತಿ ಓದಿದ್ದಾಳೆ ಎಂಬುದನ್ನು ಕೇಳಿ, ನಂತರ ತಮ್ಮ ಚೀಲದಿಂದ ಒಂದು ಬಿಳಿಯ ಅರಿವೆ ತೆಗೆದು ನೀರಿನಲ್ಲಿ ಅದ್ದಿದರು.

"ಬಾ ತಂಗೀ, ಕುಂಕುಮಾ ಹಚ್ಚತೀನಿ. ಬೆವತೀದಿ, ಮೊದಲ ಮುಖಾ ಒರಸತೀನಿ."

ಇದು ಕುಂಕುಮದ ನೆಪ, ಪೌಡರಿನ ಪರೀಕ್ಷೆ. ಹೆಣ್ಣು ನೋಡಲು ಬರುವ ಹಿರಿಯ ಹೆಂಗಸರಿಗೆಲ್ಲ ಇದು ಗೊತ್ತು, ಹೆಣ್ಣಿನ ಕಡೆಯವರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ಹಣೆ ಒರಸಿದರು, ಕೆನ್ನೆ ಒರಸಿದರು, ಎರಡು ಕಣ್ಣನ್ನೂ ಬಲವಾಗಿ ಒರಸಿದರು. ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆಳ್ಳಗೇ ಇತ್ತು.

"ಹ್ಞಾಂ. ಸ್ವಚ್ಛ ಅದ" ಎಂದು ಹುಡುಗನ ತಾಯಿಯ ಕಡೆಗೆ ತಿರುಗಿ ನಕ್ಕರು. ನನ್ನ ತಂಗಿ ಗೋಡೆಗೆ ಒರಗಿದಳು. ಕೆಲಸ ಆಗಿಹೋಗಿತ್ತು.

ಆಗ ಇಂದೂ ತಲೆಯೆತ್ತಿ ಹೇಳಿದಳು: "ಅತ್ತಿ, ಅದು ನೀರಿಗೆ ಹೋಗಾಂಗಿಲ್ಲ. ಎಣ್ಣಿ ಬೇಕು."

ಎಡಗೈ ಬಿಚ್ಚಿ, ಹತ್ತಿಯಿಂದ ರೆಪ್ಪೆಯನ್ನು ಒರಸಿ, ಕಣ್ಣು ಮುಚ್ಚಿ ಅತ್ತೆಯ ಮುಂದೆ ಮುಖವನ್ನು ಹಿಡಿದಳು. ಹತ್ತಿ ಕಂದಾಗಿತ್ತು. ಬೇಳೆಯಷ್ಟು ಬಿಳುಪು ಎಲ್ಲರಿಗೂ ಕಂಡಿತು.

"ಅಯ್ಯ ಶಿವನ, ತೊನ್ನು!" ಎಂದು ಹುಡುಗನ ತಾಯಿ ಎದ್ದುನಿಂತರು. "ಏಳೋ, ಏಳು. ಬಣ್ಣಾ ಬಳದು ಗಂಟ ಹಾಕಾಕ ನಿಂತಾರ."

ತಂಗಿ ಅತ್ತಳು. ಹುಡುಗನು ಎದ್ದನು, ಮತ್ತೆ ಕುಳಿತನು. ನಾನು ಎಣ್ಣೆ ಸಿಡಿದ ದೀಪಾವಳಿಯ ವಿಷಯವಾಗಿ ಸಿದ್ಧಮಾಡಿಕೊಂಡಿದ್ದ ವಾಕ್ಯವೊಂದಿತ್ತು. ಅದು ಬಾಯಿಂದ ಹೊರಡಲಿಲ್ಲ. ಹೊರಟಿದ್ದರೂ, ಬಣ್ಣ ಹಚ್ಚಿಸಿದವನ ಮಾತನ್ನು ಯಾರು ನಂಬುತ್ತಿದ್ದರು?

"ಕುಂದರ್ರಿ, ಬಾಯಾರ" ಎಂದರು ಕಾಕಾ ಚಾಪೆಯ ಮೇಲಿಂದ. "ತೊನ್ನು ನೋಡಬೇಕಾ? ತೋರಸ್ತೀನಿ, ನೋಡಿ ಹೋಗ್ರಿ."

ಇಂದೂವಿನ ಕೈಯಿಂದ ಹತ್ತಿಯನ್ನು ತೆಗೆದುಕೊಂಡರು. ಬಲತೋಳಿನ ಗುಂಡಿಯನ್ನು ಬಿಚ್ಚಿ, ಅಂಗಿಯನ್ನು ಮೊಣಕೈಗೆ ಏರಿಸಿ, ಮಣಿಕಟ್ಟಿನ ಮೇಲೆ ಒರಸಿದರು. ಗೋಧಿಯ ಬಣ್ಣ ಹತ್ತಿಗೆ ಬಂದಿತು. ಕೆಳಗೆ ಹಾಲಿನಂತಹ ಬಿಳುಪು. ಮತ್ತೆ ಹತ್ತಿಯನ್ನು ತಿರುಗಿಸಿ ತಮ್ಮ ಎರಡು ಕಣ್ಣುಗಳ ಸುತ್ತ, ನಂತರ ತುಟಿಯ ಅಂಚಿಗೆ ಒರಸಿಕೊಂಡರು. ಇಪ್ಪತ್ತು ತಿಂಗಳು ತಡಿಕೆಯ ಆಚೆಗೆ ದಿನವೂ ಕಂಡ ಮುಖವನ್ನು ನಾನು ಆಗ ಮೊದಲ ಸಲ ಕಂಡೆ.

"ಇದು ತೊನ್ನು. ನೋಡ್ರಿ, ಹತ್ತರ ಬಂದು ನೋಡ್ರಿ, ಹತ್ತೂದಿಲ್ಲ. ಚರ್ಮಾ ನುಣ್ಣಗದ, ಕೂದಲಾ ಸುದ್ದಾ ಬೆಳ್ಳಗ ಆಗ್ಯಾವು. ಈಗ ಆ ಹುಡುಗೀದು ನೋಡ್ರಿ. ಚರ್ಮಾ ಹಿಡಕೊಂಡದ, ಮಿಂಚತದ. ರೆಪ್ಪಿ ಕೂದಲಾ ಕರ್ರಗ ಅದಾವು; ಅಲ್ಲಿ ಎರಡು ಇಲ್ಲs ಇಲ್ಲ, ಸುಟ್ಟು ಹೋಗ್ಯಾವು. ಇಪ್ಪತ್ತೆರಡು ವರ್ಷ ಇದನ್ನ ಮುಚ್ಚಿದಾವ ನಾನು. ನನಗ ಗೊತ್ತಾಗಲಿಲ್ಲಂದ್ರ ಇನ್ನ್ಯಾರಿಗೆ ಗೊತ್ತಾಗಬೇಕು?"

ಹುಡುಗನ ತಾಯಿ ಹಿಂದೆ ಸರಿದರು. ಅತ್ತೆ ಸರಿಯಲಿಲ್ಲ. ಇಂದೂವಿನ ಗದ್ದ ಹಿಡಿದು ಕಿಟಕಿಗೆ ತಿರುಗಿಸಿ ರೆಪ್ಪೆಯನ್ನು ನೋಡಿದರು. ಕಾಕಾರ ಮಣಿಕಟ್ಟನ್ನು, ಮುಟ್ಟದೆ, ಬಗ್ಗಿ ನೋಡಿದರು. ಮತ್ತೆ ರೆಪ್ಪೆಯನ್ನು ನೋಡಿದರು. ಎಣಿಸುತ್ತಿದ್ದರೆಂದು ತೋರುತ್ತದೆ.

"ಎರಡಲ್ಲ, ಮೂರು ಕೂದಲಾ ಇಲ್ಲ" ಎಂದರು. ಅಷ್ಟೇ ಹೇಳಿ ಚೀಲವನ್ನು ತೆಗೆದುಕೊಂಡು, "ನಡೀರಿ, ಗಾಡಿಗೆ ವ್ಯಾಳ್ಯಾ ಆತು. ಬರೀತೀವಿ" ಎಂದು ಹೊರಟರು.

ಬರೆಯುತ್ತೇವೆ ಎಂಬುದರ ಅರ್ಥ ನಮಗೆ ಗೊತ್ತಿತ್ತು.

ಕಾಕಾ ಚಪ್ಪಲಿ ಮೆಟ್ಟುವಾಗ ನಾನು, "ಡಬ್ಬಿ ಕೈಯಾಗದ. ಹಚ್ಚಿಕೊಂಡು ಹೋಗ್ರಿ. ಅಂಗಳದಾಗ ಮಂದಿ ಅದಾರ" ಎಂದೆ. ಬರಹದ ಭಾಷೆಯಲ್ಲಿಯೇ ಮಾತಾಡುವವನು ಆ ಹೊತ್ತು ಮನೆಯ ಭಾಷೆಯನ್ನು ಆಡಿದೆನೆಂದು ಆಮೇಲೆ ತಿಳಿಯಿತು.

"ಬ್ಯಾಡ್ರಿ, ಮಾಸ್ತರ್ರ. ಇಷ್ಟ ದೂರ ಬಿಸಲಿನ್ಯಾಗ ಹಿಂಗs ಹೋಗಿ ನೋಡ್ತೀನಿ. ಹ್ಯಾಂಗಿರ್ತದ ಅನ್ನೂದು ಮರತೀನಿ."

ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಕೊಡವನ್ನು ಬಿಟ್ಟು ನೋಡಿದರು. ಅವರು ಮುಖವನ್ನು ಸ್ವಲ್ಪ ಮೇಲೆತ್ತಿಕೊಂಡು, ಅವಸರವಿಲ್ಲದೆ ಅಂಗಳವನ್ನು ದಾಟಿದರು.

ಆ ವಾಡೆಯಲ್ಲಿದ್ದವರೊಬ್ಬರ ಅಣ್ಣನು ಸ್ಟುಡಿಯೋದಲ್ಲಿ ಬಡಗಿ. ಸುದ್ದಿಗೆ ನಾಲ್ಕು ದಿನ ಸಾಕಾಯಿತು. ಕಾಕಾ ಮಾತ್ರ ಎಂದಿನಂತೆ ಬೆಳಿಗ್ಗೆ ಬಂದು, ಬಾಗಿಲು ಹಾಕಿಕೊಂಡು, ಗೋಧಿಯ ಬಣ್ಣದಲ್ಲಿ ಹೊರಗೆ ಬರುತ್ತಿದ್ದರು. ಐದನೆಯ ದಿನ ನಾಯಕಿ, ಆಕೆಯ ತಾಯಿ ಮತ್ತು ಮ್ಯಾನೇಜರರು ನನ್ನ ಕೋಣೆಗೆ ಬಂದರು.

"ಮಾಸ್ತರ್, ತುಮ್ಹೀ ಖೋಟಂ ಬೋಲತ್ ನಾಹೀ" ಎಂದರು ಆ ತಾಯಿ, ನೀವು ಸುಳ್ಳು ಹೇಳುವವರಲ್ಲ ಎಂದು. "ಸಾಂಗಾ, ಕಾಕಾಂನಾ ಕೋಡ ಆಹೇ ಕಾ?"

ಕೋಡವೆಂದರೆ ಮರಾಠಿಯಲ್ಲಿ ತೊನ್ನು; ಕಾಕಾರಿಗೆ ಅದು ಉಂಟೇ ಎಂಬ ಪ್ರಶ್ನೆ. ಇಲ್ಲವೆನ್ನಲು ನನಗೆ ಬರಲಿಲ್ಲ. ಹೌದೆನ್ನಲು ಮನಸ್ಸಾಗಲಿಲ್ಲ. ಸುಮ್ಮನಿದ್ದೆ. ಯಾವ ಪ್ರಶ್ನೆಗೂ ತಕ್ಷಣ, ಪೂರ್ಣವಾಕ್ಯದಲ್ಲಿ ಉತ್ತರ ಕೊಡುವವನೆಂದು ಹೆಸರಾದವನು ಸುಮ್ಮನಿದ್ದುದರ ಅರ್ಥವನ್ನು ಅವರು ಸರಿಯಾಗಿಯೇ ಮಾಡಿಕೊಂಡರು. ತಡಿಕೆಯ ಆಚೆಗೆ ಎಲ್ಲವೂ ಕೇಳುತ್ತಿತ್ತು.

ಸಂಜೆ ಕಾಕಾ ಪೆಟ್ಟಿಗೆ ಕಟ್ಟಿದರು. ಡಬ್ಬಿ ಅವರ ಸ್ವಂತದ್ದಾದ್ದರಿಂದ ಅದೂ ಅವರೊಡನೆ ಹೊರಟಿತು. ನಾನು ಬಾಗಿಲಲ್ಲಿ ನಿಂತು, "ನಾನು ಒಂದು ಮಾತು ಹೇಳಬಹುದಿತ್ತು" ಎಂದೆ.

"ಬಿಡ್ರಿ. ನಿಮಗ ಬಣ್ಣ ಹಚ್ಚಾಕ ಬರಾಂಗಿಲ್ಲ, ನನಗ ವ್ಯಾಕರಣ ಬರಾಂಗಿಲ್ಲ. ಅವರವರ ಕಸಬು" ಎಂದರು. ನಂತರ ನನ್ನ ಮುಖವನ್ನು ಮೊದಲ ದಿನದಂತೆ ಓರೆಯಾಗಿ ನೋಡಿ, "ಇವತ್ತ ಎರಡೂ ಕಣ್ಣು ಒಂದs ಮಾತು ಆಡಾಕತ್ತಾವು" ಎಂದರು.

ಅವರ ನಂತರ ನಾಯಕಿಯ ಕಣ್ಣುಗಳನ್ನು ಬೇರೊಬ್ಬರು ಬರೆದರು. ಆ ಚಿತ್ರವನ್ನು ನೋಡಿದವರು ಆಕೆಯ ಕಣ್ಣುಗಳು ಚೆನ್ನಾಗಿವೆ ಎಂದರು. ಅಂದರೆ ಬಣ್ಣ ಕಂಡಿತು.

ಹದಿನೆಂಟು ದಿನಗಳ ಮೇಲೆ ದೌಂಡದಿಂದ ಒಂದು ಕಾರ್ಡು ಬಂದಿತು. ಹುಡುಗನ ಕೈಬರಹ, ಮಾತು ಅತ್ತೆಯದು. ತಾವು ಬೆಳಗಾವಿಯ ಒಬ್ಬ ವೈದ್ಯರನ್ನು ಕೇಳಿದೆವೆಂದೂ, ಆ ಮನುಷ್ಯರು ಹೇಳಿದ ಲಕ್ಷಣಗಳನ್ನೇ ಅವರೂ ಹೇಳಿದರೆಂದೂ, ಒರಸಿಕೊಳ್ಳಬೇಕಾಗಿಲ್ಲದಾಗ ಒರಸಿಕೊಂಡ ಹುಡುಗಿ ತಮ್ಮ ಮನೆಗೆ ಬೇಕೆಂದೂ ಬರೆಸಿದ್ದರು. ಕೆಳಗೆ, ಬೇರೆ ಶಾಯಿಯಲ್ಲಿ, ಒಂದು ಸಾಲು ಹುಡುಗನದು: ಆ ದಿನವೇ ನಾನು ಒಪ್ಪಿದ್ದೆ. ಕಾರ್ಡಿನಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ನಾನು ಅವನ್ನು ತಿದ್ದಲಿಲ್ಲ. ಕಾರ್ಡು ಈಗಲೂ ಹಾಗೆಯೇ ಇದೆ.

ಮದುವೆ ಪುಣೆಯಲ್ಲಿ, ನಮ್ಮ ವಾಡೆಯ ಅಂಗಳದಲ್ಲಿಯೇ ಆಯಿತು. ಕಾಕಾ ಆಗ ಮಿರಜದ ಕಡೆ ಒಂದು ನಾಟಕ ಕಂಪನಿಯನ್ನು ಸೇರಿದ್ದರು. ಇಂದೂ ತಾನೇ ಕಾಗದ ಬರೆದು ಅವರನ್ನು ಕರೆಸಿದಳು. ಅವರು ಬರೆಯದೆ ತನ್ನ ಕಣ್ಣಿಗೆ ಯಾರೂ ಕಾಡಿಗೆ ಮುಟ್ಟಿಸಕೂಡದೆಂದು ಹಟ ಹಿಡಿದಳು. ಅವರು ಬೆಳಿಗ್ಗೆ ಏಳರ ಗಾಡಿಗೆ ಬಂದಿಳಿದರು. ಮುಖಕ್ಕೆ ಏನನ್ನೂ ಹಚ್ಚಿರಲಿಲ್ಲ. ಅಂಗಿಯ ತೋಳುಗಳನ್ನು ಮಡಿಸಿದ್ದರು. ಪಂಕ್ತಿಯಲ್ಲಿ ಇಬ್ಬರು ಎಲೆ ಬಿಟ್ಟು ಎದ್ದು ಬೇರೆ ಕಡೆಗೆ ಹೋಗಿ ಕುಳಿತರು. ಒಬ್ಬಾಕೆ ಮಗುವನ್ನು ಎಳೆದುಕೊಂಡರು. ಕಾಕಾ ಉಪ್ಪಿಟ್ಟು ಮುಗಿಸಿ ಕೈ ತೊಳೆದುಕೊಂಡರು.

ಹೆಂಗಸರ ಕೋಣೆಗೆ ಗಂಡಸು ಹೋಗುವಂತಿಲ್ಲವಾದ್ದರಿಂದ ಇಂದೂವನ್ನು ಪಡಸಾಲೆಯ ಬೆಳಕಿಗೆ ತಂದು ಮಣೆಯ ಮೇಲೆ ಕೂಡಿಸಿದರು. ಡಬ್ಬಿ ತೆರೆಯಿತು. ಕಾಕಾ ಮುಚ್ಚಳದ ಫಿಲ್ಮಿನ ತುಂಡನ್ನು ಒಮ್ಮೆ ನೋಡಿಕೊಂಡರು. ಜೋಳದ ಹಿಟ್ಟು, ಬೆಲ್ಲ, ಹುಣಸೆ. ಎಡರೆಪ್ಪೆಯ ಮೇಲೆ ಬೇಳೆಯಷ್ಟು ಜಾಗವನ್ನು ಹಾಗೆಯೇ ಬಿಟ್ಟು ಅದರ ಸುತ್ತ ಹಚ್ಚಿದರು. ಕನ್ನಡಿ ಹಿಡಿಯಲು ಯಾರಾದರೂ ಬೇಕಾಗಿತ್ತು. ನೆರೆದಿದ್ದ ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿದರು. ದೌಂಡದ ಅತ್ತೆ ಗುಂಪನ್ನು ಸರಿಸಿಕೊಂಡು ಮುಂದೆ ಬಂದು, ಕಾಕಾರ ಬಿಳಿಯ ಮಣಿಕಟ್ಟಿಗೆ ಮೊಣಕೈ ತಗುಲುವಷ್ಟು ಹತ್ತಿರ ಕುಳಿತು, ಕನ್ನಡಿಯನ್ನು ತೆಗೆದುಕೊಂಡರು.

"ಒಂದೀಟು ಮ್ಯಾಲೆ ಹಿಡೀರಿ, ಬಾಯಾರ" ಎಂದರು ಕಾಕಾ.

"ಹಿಡದೀನಿ. ನೀವು ಸುಮ್ಮನ ಹಚ್ಚರಿ. ಮುಹೂರ್ತ ಸಮೀಪ ಬಂತು."

ಕಾಕಾ ಅರಿವೆಯಿಂದ ಅರ್ಧ ಬಣ್ಣವನ್ನು ಒತ್ತಿ ತೆಗೆದರು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅಕ್ಷತೆ ಬಿದ್ದಿತು. ಅಂದು ಸಾವಿರದ ಒಂಬೈನೂರ ಮೂವತ್ತೊಂಬತ್ತನೆಯ ಇಸವಿ, ಮೇ ತಿಂಗಳ ಹನ್ನೊಂದನೆಯ ತಾರೀಖು, ಗುರುವಾರ.